ಇನ್ಶೂರೆನ್ಸ್ ಇದ್ರೂ ಇಆರ್ (ಆಸ್ಪತ್ರೆ ಎಮರ್ಜೆನ್ಸಿ) ಬಿಲ್ ಇಷ್ಟೊಂದಾ? ಇಲ್ದೇ ಇರೋರು ಏನ್ ಮಾಡ್ತಾರೆ?

ಇರ್ವಿಂಗ್ ಹುಡುಗ:
ಎಲ್ರಿಗೂ ನಮಸ್ಕಾರ. ನಾವಿರೋದು ಡಲ್ಲಾಸ್ ಪಕ್ಕ ಇರ್ವಿಂಗಲ್ಲಿ. ಹೋದ ತಿಂಗ್ಳು ಮಧ್ಯರಾತ್ರಿ ನನ್ ಹೆಂಡ್ತಿಗೆ ತಡ್ಕೊಳ್ಳೋಕಾಗ್ದಷ್ಟು ಹೊಟ್ಟೆನೋವು ಬಂತು ಅಂತ ಇಆರ್‌ಗೆ ಕರ್ಕೊಂಡ್ ಹೋದೆ, ಸಿಟಿ ಸ್ಕ್ಯಾನ್ ಮಾಡಿದ್ರು, ಒಂದು ಡ್ರಿಪ್ ಹಾಕಿದ್ರು, ಕಿಡ್ನಿ ಸ್ಟೋನ್, ನೀರು ಜಾಸ್ತಿ ಕುಡೀರಿ ಅಂತ ಬೆಳಗಾಗೋದ್ರೊಳಗೆ ಮನೆಗ್ ಕಳ್ಸಿದ್ರು. ಈಗ ಒಂದಾದ್ಮೇಲೊಂದು ಬಿಲ್ ಬರ್ತಾ ಇದೆ. ಆಸ್ಪತ್ರೆದು ಒಂದು, ಡಾಕ್ಟರ್ ಗ್ರೂಪ್‌ದು ಇನ್ನೊಂದು, ಸ್ಕ್ಯಾನ್ ನೋಡಿದ ರೇಡಿಯಾಲಜಿಸ್ಟ್‌ದು ಮತ್ತೊಂದು (ಆ ಪುಣ್ಯಾತ್ಮನ ಮುಖಾನೇ ನಾವು ನೋಡಿಲ್ಲ). ಆಸ್ಪತ್ರೆ ಇನ್-ನೆಟ್‌ವರ್ಕ್ (ಇನ್ಶೂರೆನ್ಸ್ ಜೊತೆ ರೇಟ್ ಒಪ್ಪಂದ ಇರೋದು), ಒಳಗಿದ್ದ ಡಾಕ್ಟರ್ ಔಟ್-ಆಫ್-ನೆಟ್‌ವರ್ಕ್ (ಒಪ್ಪಂದ ಇಲ್ದಿರೋರು) ಅಂತೆ! ಕಂಪ್ನಿ ಪ್ಲಾನಲ್ಲಿ ಡಿಡಕ್ಟಿಬಲ್ಲೇ 5000 ಡಾಲರ್, ಅಲ್ಲೀವರೆಗೂ ಎಲ್ಲಾ ನಮ್ ತಲೆ ಮೇಲೇ. ಕ್ರೆಡಿಟ್ ಕಾರ್ಡಲ್ಲಿ ಕಟ್ಟಿ ಕೈ ತೊಳ್ಕೊಂಡ್ಬಿಡೋಣ ಅನ್ನಿಸ್ತಿದೆ, ಏನಂತೀರಿ?
ಇನ್ನೊಂದ್ ವಿಷ್ಯ, ನಾವ್ ದಿನಸಿ ತರೋ ಅಂಗಡೀಲಿ ಕೌಂಟರಲ್ಲಿರೋ ಆಂಟಿಗೆ ಇನ್ಶೂರೆನ್ಸೇ ಇಲ್ವಂತೆ, ಬಿಪಿ ಮಾತ್ರೆ ದಿನ ಬಿಟ್ಟು ದಿನ ತಗೋತಾರಂತೆ. ಅಂಥೋರ್ ಗತಿ ಏನು?

ಎಡಿಸನ್ ಅಕ್ಕ:
ಕಾರ್ಡ್ ಮಾತ್ರ ಉಜ್ಜಬೇಡಿ ತಮ್ಮಾ. ಆಸ್ಪತ್ರೆ ಸಾಲ ಬ್ಯಾಂಕ್ ಸಾಲ ಆದ್ಮೇಲೆ ಆಸ್ಪತ್ರೆಯವ್ರ ಹತ್ರ ಚೌಕಾಸಿ ಮಾಡೋಕೆ ಏನೂ ಉಳಿಯಲ್ಲ, ಮೇಲೆ ಬಡ್ಡಿ ಬೇರೆ. ಬಿಲ್ಲಿಂಗ್‌ಗೆ ಫೋನ್ ಮಾಡಿ ಐಟಮೈಸ್ಡ್ ಬಿಲ್ (ಯಾವುದಕ್ಕೆ ಎಷ್ಟು ಅಂತ ಸಾಲು ಸಾಲಾಗಿ ಬರ್ದಿದ್ದು) ಕೇಳಿ. ಆಮೇಲೆ ಆಸ್ಪತ್ರೆ ನಾನ್-ಪ್ರಾಫಿಟ್ಟಾ ನೋಡ್ಕೊಳ್ಳಿ. ಹೌದಾದ್ರೆ ಫೈನಾನ್ಷಿಯಲ್ ಅಸಿಸ್ಟೆನ್ಸ್ ಪಾಲಿಸಿ (ಕಟ್ಟೋಕಾಗ್ದೋರಿಗೆ ಬಿಲ್ ಇಳಿಸೋ ನಿಯಮ) ಅಂತ ಒಂದು ಇಟ್ಟಿರ್ಲೇಬೇಕು, ಅವ್ರಿಗೆ ಟ್ಯಾಕ್ಸ್ ಮಾಫಿ ಇರೋದೇ ಆ ಷರತ್ತಿನ ಮೇಲೆ. ಮೊದಲ ಬಿಲ್ ಬಂದಾಗಿಂದ 240 ದಿನದ ತನಕ ಅರ್ಜಿ ತಗೋಬೇಕು. ಯಾರಿಗೆ ಎಷ್ಟು ಬಿಡ್ಬೇಕು ಅನ್ನೋದು ಮಾತ್ರ ಫೆಡರಲ್ ಕಾನೂನಲ್ಲಿಲ್ಲ, ಆಸ್ಪತ್ರೆ ಇಟ್ಟಿದ್ದೇ ಲೆಕ್ಕ. ನಮ್ ನ್ಯೂಜೆರ್ಸೀಲಿ ರಾಜ್ಯದ್ದೇ ಚಾರಿಟಿ ಕೇರ್ ಇದೆ, ಬಡತನ ರೇಖೆಯ 200 ಪರ್ಸೆಂಟ್ ಒಳಗಿದ್ರೆ ಪೂರ್ತಿ ಮಾಫಿ, 300ರ ತನಕ ಸ್ವಲ್ಪ ಸ್ವಲ್ಪ, ಜೊತೆಗೆ ಬ್ಯಾಂಕಲ್ಲಿ ಏನಿದೆ ಅಂತಾನೂ ನೋಡ್ತಾರೆ. ನಿಮ್ಮ ಸಂಬಳಕ್ಕೆ ಸಿಗ್ದೇ ಇರ್ಬಹುದು, ಕೇಳೋಕೇನು ಕಾಸಾ.

ನೈಟ್‌ಶಿಫ್ಟ್ ನಾಗ:
ನಾನು ಬೆಂಗ್ಳೂರಲ್ಲಿ ಕೂತು ರಾತ್ರಿಯೆಲ್ಲಾ ನಿಮ್ ಇನ್ಶೂರೆನ್ಸ್ ಕಂಪ್ನಿಗಳಿಗೆ ಫೋನ್ ಹಚ್ಚೋನು ಗುರು, ಆಸ್ಪತ್ರೆಗಳಿಗೆ ಬರ್ಬೇಕಾದ ದುಡ್ಡಿನ ವಸೂಲಿಗೆ, ಎಆರ್ ಕಾಲಿಂಗ್ ಅಂತಾರಲ್ಲ ಅದು. ಆ ಡಾಕ್ಟರ್ ಬಿಲ್ ಕಟ್ಬೇಡಿ ಈಗ್ಲೇ. 2022 ಜನವರಿಯಿಂದ ನೋ ಸರ್ಪ್ರೈಸಸ್ ಆಕ್ಟ್ ಇದೆ, ಎಮರ್ಜೆನ್ಸೀಲಿ ನೋಡಿದ ಡಾಕ್ಟರ್ ಔಟ್-ಆಫ್-ನೆಟ್‌ವರ್ಕ್ ಆದ್ರೂ ನಿಮ್ಗೆ ಇನ್-ನೆಟ್‌ವರ್ಕ್ ಲೆಕ್ಕದಲ್ಲೇ ಹಾಕ್ಬೇಕು, ಮಿಕ್ಕಿದ್ದಕ್ಕೆ ಅವ್ರೂ ಇನ್ಶೂರೆನ್ಸೂ ಬಡಿದಾಡ್ಕೊಳ್ಳಲಿ. (ಹೆಲಿಕಾಪ್ಟರ್ ಆಂಬುಲೆನ್ಸ್ ಇದ್ರಲ್ಲಿ ಬರುತ್ತೆ, ರೋಡಲ್ಲಿ ಓಡೋದು ಬರಲ್ಲ, ಯಾವ ಲಾಜಿಕ್ಕೋ.)
ಬಿಲ್ ಪಕ್ಕದಲ್ಲಿ ಇನ್ಶೂರೆನ್ಸ್‌ನವ್ರ ಇಒಬಿ (ಅವ್ರೆಷ್ಟು, ನೀವೆಷ್ಟು ಕೊಡ್ಬೇಕು ಅನ್ನೋ ಲೆಕ್ಕದ ಚೀಟಿ) ಇಟ್ಕೊಂಡು ಕೂತ್ಕೊಳ್ಳಿ. ನಮ್ ಸ್ಕ್ರೀನಲ್ಲಿ ಕಡಿತ ಆದ ಸಾಲಿಗೆಲ್ಲಾ ಒಂದೊಂದ್ ಕೋಡ್ ಬರುತ್ತೆ, ಪಿಆರ್ ಅಂತ ಶುರುವಾದ್ರೆ ಪೇಷಂಟ್ ಕೊಡ್ಬೇಕು, ಪಿಆರ್-1 ಅಂದ್ರೆ ಡಿಡಕ್ಟಿಬಲ್. ಸಿಒ ಅಂತಿದ್ರೆ ಆಸ್ಪತ್ರೆಯವ್ರೇ ನುಂಗ್ಕೋಬೇಕು, ಸಿಒ-29 ಅಂದ್ರೆ ಕ್ಲೇಮ್ ಟೈಮೊಳಗೆ ಹಾಕಿಲ್ಲ ಅಂತ, ಅದು ಪೇಷಂಟ್ ತಪ್ಪಲ್ಲ. ಇಒಬಿಲಿ ನೀವು ಕೊಡ್ಬೇಕಾದ್ದು ಅಂತ ಇರೋ ಮೊತ್ತಕ್ಕಿಂತ ಬಿಲ್ ಜಾಸ್ತಿ ಇದ್ರೆ ಒಂದು ರೂಪಾಯಿನೂ ಕೊಡ್ಬೇಡಿ, ಫೋನ್ ಎತ್ತಿ. ಇಆರ್ ವಿಸಿಟ್‌ಗೆ 99281ರಿಂದ 99285 ತನಕ ಬಿಲ್ಲಿಂಗ್ ಕೋಡಲ್ಲಿ ಐದು ಲೆವೆಲ್ಲು, ರೇಟ್ ಏರ್ತಾ ಹೋಗುತ್ತೆ. ನಿಮ್ದು 99285 ಅಂತಿದ್ರೆ ಕೋಡಿಂಗ್ ರಿವ್ಯೂ ಮಾಡಿ ಅಂತ ಬರ್ದು ಕೇಳಿ.

ದಾವಣಗೆರೆ ಟು ಡೆಟ್ರಾಯಿಟ್:
ಎಲ್ಲಾ ಸರಿ, ಆದ್ರೆ ಅಮೆರಿಕಾನ ಬೈಯೋದೂ ಒಂದು ಫ್ಯಾಶನ್ ಆಗಿದೆ ಬಿಡಿ. ದುಡ್ಡಿಲ್ಲ ಅಂತ ಇಆರ್ ಬಾಗ್ಲಲ್ಲಿ ವಾಪಸ್ ಕಳ್ಸೋ ಹಾಗಿಲ್ಲ ಇಲ್ಲಿ, 1986ರಿಂದ ಕಾನೂನಿದೆ, ಎಮ್ಟಾಲಾ. ನಮ್ಮೂರಲ್ಲಿ ಮೊದ್ಲು ಅಡ್ವಾನ್ಸ್ ಕಟ್ಟಿ ಅನ್ನೋದನ್ನ ಯಾರೂ ನೋಡೇ ಇಲ್ವಾ?

ಜಾಕ್ಸನ್ ಕನ್ನಡತಿ:
ಸರ್, ಎಮ್ಟಾಲಾ ಹೇಳೋದು ಪರೀಕ್ಷೆ ಮಾಡಿ, ಜೀವಕ್ಕೆ ಅಪಾಯ ಇಲ್ದಂಗೆ ಮಾಡಿ ಅಂತ ಅಷ್ಟೇ, ಬಿಲ್ ಹಾಕ್ಬೇಡಿ ಅಂತಲ್ಲ. ಬಿಪಿ ಮಾತ್ರೆ ಅದ್ರಲ್ಲಿ ಸಿಗಲ್ಲ. ಅಂದ್ರೆ ಆ ಆಂಟಿಗೆ ಸ್ಟ್ರೋಕ್ ಹೊಡೆದ್ರೆ ಬಾಗ್ಲು ತೆಗೀತಾರೆ, ಹೊಡೀದಂಗೆ ನೋಡ್ಕೊಳ್ಳೋಕೆ ತೆಗೆಯಲ್ಲ.
ಟೆಕ್ಸಾಸಲ್ಲಿ ಇದು ಇನ್ನೂ ಕಷ್ಟ. 2010ರ ಒಬಾಮಾ ಕಾನೂನು ಬಡವ್ರಿಗೆಲ್ಲಾ ಮೆಡಿಕೇಡ್ (ಸರ್ಕಾರಿ ಇನ್ಶೂರೆನ್ಸ್) ಅಂತ ಇಟ್ಕೊಂಡಿತ್ತು, 2012ರಲ್ಲಿ ಸುಪ್ರೀಂ ಕೋರ್ಟು ಅದನ್ನ ರಾಜ್ಯಗಳ ಇಷ್ಟಕ್ಕೆ ಬಿಡ್ತು, ಟೆಕ್ಸಾಸ್, ಫ್ಲೋರಿಡಾ, ನಮ್ ಮಿಸ್ಸಿಸ್ಸಿಪ್ಪಿ ಸೇರಿ ಹತ್ತು ರಾಜ್ಯ ಇನ್ನೂ ಬೇಡ ಅಂತ ಕೂತಿವೆ. ಇಂಥ ಬಹುತೇಕ ಕಡೆ ಬಡತನ ರೇಖೆಗಿಂತ ಕೆಳಗಿರೋರಿಗೆ ಮಾರ್ಕೆಟ್‌ಪ್ಲೇಸ್ (ಸ್ವಂತಕ್ಕೆ ಇನ್ಶೂರೆನ್ಸ್ ಕೊಳ್ಳೋ ಸರ್ಕಾರಿ ತಾಣ) ಸಬ್ಸಿಡಿನೂ ಸಿಗಲ್ಲ, ಮಕ್ಕಳಿಲ್ದೇ ಇರೋ ವಯಸ್ಕರಿಗೆ ಮೆಡಿಕೇಡೂ ಸಿಗಲ್ಲ. ಸ್ವಲ್ಪ ಜಾಸ್ತಿ ದುಡಿದ್ರೆ ಸಹಾಯ, ತೀರಾ ಬಡವ್ರಾದ್ರೆ ಸೊನ್ನೆ.
ಆಂಟಿಗೆ ಕಮ್ಯುನಿಟಿ ಹೆಲ್ತ್ ಸೆಂಟರ್ ಹುಡುಕ್ಕೊಡಿ, ಆದಾಯ ನೋಡಿ ಫೀಸ್ ತಗೋತಾರೆ. ಇದು 1965ರಲ್ಲಿ ಬಾಸ್ಟನ್ನಿಂದ ಶುರುವಾಗಿದ್ದು, ಆಮೇಲೆ ನಮ್ ಕಡೆ ಮೌಂಡ್ ಬಾಯೂಗೆ ಬಂತು. ಅಲ್ಲಿ ಜ್ಯಾಕ್ ಗೈಗರ್ ಅನ್ನೋ ಡಾಕ್ಟರು ಹಸಿದ ಮಕ್ಕಳಿಗೆ ಚೀಟೀಲಿ ಹಾಲು, ತರಕಾರಿ, ಮಾಂಸ ಅಂತಲೇ ಬರ್ಕೊಡ್ತಿದ್ರು, ಅಂಗಡಿಯವ್ರಿಗೆ ದುಡ್ಡು ಫಾರ್ಮಸಿ ಬಜೆಟ್ಟಿಂದ. ಮೇಲಿನವ್ರು ತಕರಾರು ತೆಗೆದಾಗ ಅಪೌಷ್ಟಿಕತೆಗೆ ಔಷಧಿ ಊಟಾನೇ ಅಂದ್ರಂತೆ.
ನಂಗೆ ಸಿಟ್ಟು ಬರೋದು ಎಲ್ಲಿ ಗೊತ್ತಾ? ಮೇಲೆ ಅಕ್ಕ, ನಾಗ ಹೇಳಿದ್ದೆಲ್ಲಾ ನಿಜ, ಆದ್ರೆ ಕೇಳ್ದೋರಿಗೆ ಮಾತ್ರ. ಇಂಗ್ಲಿಷ್ ಬರುತ್ತೆ, ಆಫೀಸ್ ಟೈಮಲ್ಲಿ ಒಂದು ಗಂಟೆ ಹೋಲ್ಡಲ್ಲಿ ಕಾಯ್ಬಹುದು, ಅಂಥೋರು ಬಿಲ್ ಇಳಿಸ್ಕೋತಾರೆ, ಗಂಟೆ ಲೆಕ್ಕದಲ್ಲಿ ಕೂಲಿ ತಗೊಳ್ಳೋರು ಕೇಳಿದಷ್ಟು ಕಟ್ತಾರೆ ಅಥ್ವಾ ಕಲೆಕ್ಷನ್ಸ್‌ಗೆ (ಸಾಲ ವಸೂಲಿಯವ್ರ ಕೈಗೆ) ಹೋಗ್ತಾರೆ. ಅರ್ಜಿ ಕಾಯೋ ಬದ್ಲು ಆಸ್ಪತ್ರೆಯವ್ರೇ ಮೊದ್ಲು ಆದಾಯ ನೋಡಿ ಬಿಲ್ ಕಳ್ಸಲಿ ಅಂತ ಕಾನೂನಾಗ್ಬೇಕು.

ಇರ್ವಿಂಗ್ ಹುಡುಗ:
ಥ್ಯಾಂಕ್ಸ್ ಎಲ್ರಿಗೂ. ಐಟಮೈಸ್ಡ್ ಬಿಲ್ ಕೇಳಿದೀನಿ. ಅದು ಬರೋದ್ರೊಳಗೆ ಡ್ಯೂ ಡೇಟ್ ದಾಟಿದ್ರೆ?

ನೈಟ್‌ಶಿಫ್ಟ್ ನಾಗ:
ಡಿಸ್ಪ್ಯೂಟ್ ಇದೆ, ಅಕೌಂಟ್ ಹೋಲ್ಡಲ್ಲಿಡಿ ಅನ್ನಿ, ಸಾಮಾನ್ಯವಾಗಿ ಇಡ್ತಾರೆ. ಮಾತಾಡ್ದೋರ ಹೆಸರು, ಕಾಲ್ ರೆಫರೆನ್ಸ್ ನಂಬರ್ ಬರ್ಕೊಳ್ಳಿ, ಅದಿಲ್ದಿದ್ರೆ ಮುಂದಿನ ಸಲ ನೀವು ಫೋನೇ ಮಾಡಿಲ್ಲ ಅಂತಾರೆ. ಆ ಆಂಟಿಗೆ ವಾಲ್‌ಮಾರ್ಟ್ ಫಾರ್ಮಸೀಲಿ 4 ಡಾಲರ್ ಲಿಸ್ಟ್ (ಕಮ್ಮಿ ಬೆಲೆ ಮಾತ್ರೆಗಳ ಪಟ್ಟಿ) ಕೇಳೋಕೆ ಹೇಳಿ, ಹಲವು ಬಿಪಿ ಮಾತ್ರೆಗಳು ಅದ್ರಲ್ಲಿವೆ, ಇನ್ಶೂರೆನ್ಸ್ ಬೇಕಾಗಲ್ಲ.