ಪ್ಲೇಆಫ್ ತಂಡಗಳ ಬಲಾಬಲ ಅಳೆಯೋದು ಹೇಗೆ? ಮಗನ ಪ್ರಾಜೆಕ್ಟ್‌ಗೆ ಸಹಾಯ ಬೇಕು

ಸುಮಾ, ನ್ಯೂಜೆರ್ಸಿ:
ಎಲ್ಲರಿಗೂ ನಮಸ್ಕಾರ. ಮಗ ಎಂಟನೇ ಕ್ಲಾಸು. ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಪ್ಲೇಆಫ್‌ಗೆ ಬಂದ ನಾಲ್ಕು ತಂಡ ಆರಿಸಿ, ಒಂದೊಂದರ ಬಲ ಏನು, ಕೊರತೆ ಏನು ಅಂತ ಅಂಕಿಅಂಶ ಸಮೇತ ಬರೆಯೋಕೆ ಗಣಿತದ ಟೀಚರ್ ಹೇಳಿದ್ದಾರೆ. ಇವನು "ಜಾಸ್ತಿ ಗೆದ್ದವರೇ ಬಲಶಾಲಿ" ಅಂತ ಒಂದೇ ಸಾಲು ಬರೆದಿಟ್ಟಿದ್ದಾನೆ. ನಮ್ಮಿಬ್ಬರಿಗೂ ಕ್ರಿಕೆಟ್ ಬಿಟ್ಟರೆ ಬೇರೆ ಗೊತ್ತಿಲ್ಲ. ಮಿಕ್ಕ ಮಕ್ಕಳ ಮನೆಗಳಲ್ಲಿ ತಾತನ ಕಾಲದಿಂದ ಇದೇ ಮಾತು, ಇವನೊಬ್ಬ ಹೊರಗುಳಿಯಬಾರದು ಅನ್ನೋದು ನಮ್ಮ ಚಿಂತೆ. ಮುಂದಿನ ಆಗಸ್ಟ್‌ಗೆ ಹೈಸ್ಕೂಲ್ ತಂಡ ಸೇರ್ತೀನಿ ಅಂತಲೂ ಶುರು ಮಾಡಿದ್ದಾನೆ, ಆ ವಿಷಯ ಆಮೇಲೆ ನೋಡೋಣ. ಈಗ ಪ್ರಾಜೆಕ್ಟ್ ಬಗ್ಗೆ ಮಾತ್ರ ಹೇಳಿ.

ರಾಘು, ಪಿಟ್ಸ್‌ಬರ್ಗ್:
ಸುಮಾ ಅವರೇ, ಮೊದಲು ಸೀಡಿಂಗ್ (ಪ್ಲೇಆಫ್‌ನಲ್ಲಿ ತಂಡಗಳ ಕ್ರಮಾಂಕ) ಅರ್ಥ ಆಗಲಿ. 32 ತಂಡ, ಎಎಫ್‌ಸಿ, ಎನ್‌ಎಫ್‌ಸಿ ಅಂತ ಎರಡು ಪಾಲು. ಒಂದೊಂದರಿಂದ ಏಳು ತಂಡ ಒಳಕ್ಕೆ: ತಮ್ಮ ಡಿವಿಜನ್ (ಪಾಲಿನೊಳಗಿನ ಗುಂಪು) ಗೆದ್ದ ನಾಲ್ಕು, ಮಿಕ್ಕವರಲ್ಲಿ ಮುಂದಿರೋ ವೈಲ್ಡ್ ಕಾರ್ಡ್ ಮೂರು. ಡಿವಿಜನ್ ಗೆದ್ದವರಿಗೆ ಎಷ್ಟೇ ಸೋತಿರಲಿ ಮೊದಲ ನಾಲ್ಕು ಸೀಡ್ ಖಾಯಂ. 2010ರ ಸೀಜನ್ನಲ್ಲಿ ಸಿಯಾಟಲ್ 7 ಗೆದ್ದು 9 ಸೋತಿದ್ದರೂ ತನ್ನ ಮೈದಾನದಲ್ಲೇ ಆಡಿ, 11 ಗೆದ್ದಿದ್ದ ನ್ಯೂ ಆರ್ಲಿಯನ್ಸನ್ನ 41-36ರಲ್ಲಿ ಸೋಲಿಸಿತು. ಒಂದನೇ ಸೀಡಿಗೆ ಮಾತ್ರ ಮೊದಲ ಸುತ್ತು ಬಿಡುವು.

ಗೆಲುವಿನ ಲೆಕ್ಕಕ್ಕಿಂತ ಪಾಯಿಂಟ್ ವ್ಯತ್ಯಾಸ ಹೆಚ್ಚು ಹೇಳುತ್ತೆ. ನಮ್ಮ ಐಪಿಎಲ್ ಪಟ್ಟಿಯ ನೆಟ್ ರನ್ ರೇಟ್ ಇದ್ದ ಹಾಗೆ ಅಂದ್ಕೊಳ್ಳಿ. 2022ರಲ್ಲಿ ಮಿನ್ನೆಸೋಟ 13 ಗೆದ್ದು 4 ಸೋತಿತ್ತು. ಆದರೆ ಗಳಿಸಿದ್ದು 424, ಬಿಟ್ಟುಕೊಟ್ಟಿದ್ದು 427. ಎಂಟು ಪಾಯಿಂಟ್ ಒಳಗೆ ಮುಗಿದ 11 ಪಂದ್ಯಗಳಲ್ಲಿ ಹನ್ನೊಂದನ್ನೂ ಗೆದ್ದಿತ್ತು. ಅಂಥ ಗೆಲುವು ವರ್ಷಗಟ್ಟಲೆ ಕೈ ಹಿಡಿಯಲ್ಲ. ಮಗನಿಗೆ ಕ್ಯಾಲ್ಕುಲೇಟರ್ ಕೊಡಿ: ಗಳಿಸಿದ್ದಕ್ಕೆ 2.37ರ ಘಾತ, ಬಿಟ್ಟುಕೊಟ್ಟಿದ್ದಕ್ಕೂ 2.37ರ ಘಾತ. ಮೊದಲನೆಯದನ್ನ ಎರಡರ ಮೊತ್ತದಿಂದ ಭಾಗಿಸಿ 17ರಿಂದ ಗುಣಿಸಲಿ. ಮಿನ್ನೆಸೋಟಕ್ಕೆ ಸುಮಾರು 8.4 ಗೆಲುವು ಬರುತ್ತೆ, 13 ಅಲ್ಲ. ಮೊದಲ ಸುತ್ತಿನಲ್ಲೇ ತನ್ನ ಮನೆಯಲ್ಲಿ ಜೈಂಟ್ಸ್‌ಗೆ 31-24ರಲ್ಲಿ ಸೋತಿತು.

ಬಸಣ್ಣ, ಡಲ್ಲಾಸ್:
ರಾಘು ಸರ್, ಲೆಕ್ಕಾ ಭಾಳ ಆತ್ರಿ. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸದು ಆಟ ನಡಸಾವ) ಯಾರಂತ ನೋಡ್ರಿ, ಮುಗೀತು. ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಏಳು ಸೂಪರ್ ಬೌಲ್ (ಫೈನಲ್) ಗೆದ್ದ, ಆರು ಒಂದು ತಂಡದಾಗ, ಏಳನೇದು ಇನ್ನೊಂದರಾಗ. ಆಟಗಾರ ಹೋದ, ಕಪ್ಪೂ ಅವನ ಜೋಡಿ ಹೋತು. 2024ರಾಗ ಕ್ಯಾನ್ಸಸ್ ಸಿಟಿ ಪಾಯಿಂಟ್ ವ್ಯತ್ಯಾಸ ಬರೇ 59 ಇತ್ತು, ಆದ್ರೂ 15 ಗೆದ್ದು ಫೈನಲ್ ತನಕ ಬಂತಲ್ಲ? ಯಾಕಂದ್ರ ಕ್ವಾರ್ಟರ್‌ಬ್ಯಾಕ್ ಮಾಹೋಮ್ಸ್ ಇದ್ದ.

ವಿದ್ಯಾ, ಸಿಯಾಟಲ್:
ಬಂದು ಏನಾಯ್ತು ಅಂತಲೂ ಹೇಳಿ ಬಸಣ್ಣ. ಫಿಲಡೆಲ್ಫಿಯಾ 40-22ರಲ್ಲಿ ಹೊಡೆದು ಹಾಕ್ತು. ಒಂದೇ ಒಂದು ಬ್ಲಿಟ್ಜ್ (ಹೆಚ್ಚುವರಿ ಆಟಗಾರರ ದಾಳಿ) ಕಳಿಸದೆ ಮಾಹೋಮ್ಸನ್ನ ಆರು ಸಲ ಸ್ಯಾಕ್ ಮಾಡಿದ್ರು, ಅಂದರೆ ಎಸೆಯೋ ಮೊದಲೇ ಕೆಡವಿದ್ರು. ಮುಂದಿನ ನಾಲ್ಕೇ ಜನ ಕ್ವಾರ್ಟರ್‌ಬ್ಯಾಕ್ ಹತ್ತಿರ ತಲುಪಿದರೆ ಉಳಿದ ಏಳು ಜನ ಪಾಸ್ ಕಾಯೋಕೆ ಸಿಗ್ತಾರೆ, ಯಾವ ರಿಸೀವರೂ (ಎಸೆದ ಚೆಂಡು ಹಿಡಿಯೋನು) ಬಿಡುವಾಗಿ ಸಿಗಲ್ಲ. 2021ರ ಫೆಬ್ರವರಿಯ ಫೈನಲ್‌ನಲ್ಲೂ ಇದೇ ಕಥೆ. ಕ್ಯಾನ್ಸಸ್ ಸಿಟಿಯ ಎರಡೂ ಕಡೆಯ ಟ್ಯಾಕಲ್‌ಗಳಾದ (ಕ್ವಾರ್ಟರ್‌ಬ್ಯಾಕನ್ನ ಕಾಯೋ ಲೈನಿನ ತುದಿಯವರು) ಫಿಷರ್ ಮತ್ತು ಶ್ವಾರ್ಟ್ಸ್ ಗಾಯದಿಂದ ಹೊರಗಿದ್ದರು, ಟ್ಯಾಂಪಾ 31-9ರಲ್ಲಿ ಗೆದ್ದಿತು. ಕ್ವಾರ್ಟರ್‌ಬ್ಯಾಕ್ ಅದೇ ಮಾಹೋಮ್ಸ್.

ಸುಮಾ, ಪ್ರಾಜೆಕ್ಟಿಗೆ ಇದೊಂದು ಸೂತ್ರ ಸೇರಿಸಿ: ಪಾಸ್ ಗಜಗಳಿಂದ (ಎಸೆತದಿಂದ ಗಳಿಸಿದ ದೂರ) ಸ್ಯಾಕಿನಲ್ಲಿ ಕಳಕೊಂಡ ಗಜ ಕಳೆಯಿರಿ, ಎಸೆತಗಳಿಗೆ ಸ್ಯಾಕ್ ಸಂಖ್ಯೆ ಕೂಡಿಸಿ ಭಾಗಿಸಿ. ಉದಾಹರಣೆಗೆ 4000 ಗಜ, ಸ್ಯಾಕಿನಲ್ಲಿ ಹೋದದ್ದು 250, ಎಸೆತ 550, ಸ್ಯಾಕ್ 35 ಇದ್ದರೆ 3750 ಭಾಗ 585, ಅಂದರೆ ಒಂದು ಎಸೆತಕ್ಕೆ 6.4. ಎದುರಾಳಿಗಳಿಗೆ ಆ ತಂಡ ಕೊಟ್ಟಿರೋದನ್ನೂ ಹೀಗೇ ಲೆಕ್ಕ ಹಾಕಿ ಮೊದಲಿನದರಿಂದ ಕಳೆಯಲಿ. ಉತ್ತರ ಒಂದರ ಮೇಲಿದ್ದರೆ ಗಟ್ಟಿ ತಂಡ.

ಬಸಣ್ಣ, ಡಲ್ಲಾಸ್:
ಲೈನ್ ಗಟ್ಟಿ ಇದ್ದು ಕ್ವಾರ್ಟರ್‌ಬ್ಯಾಕ್ ಸುಮಾರ್ ಇದ್ರ ಏನ್ ಮಾಡ್ತೀರಿ ಅಕ್ಕಾರ?

ರಾಘು, ಪಿಟ್ಸ್‌ಬರ್ಗ್:
2000ದ ಬಾಲ್ಟಿಮೋರ್ ಮಾಡಿದ್ದನ್ನೇ ಮಾಡ್ತೀವಿ. 16 ಪಂದ್ಯದಲ್ಲಿ ಬಿಟ್ಟುಕೊಟ್ಟಿದ್ದು ಬರೀ 165 ಪಾಯಿಂಟ್, ಫೈನಲ್ 34-7. ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಡಿಲ್ಫರ್. 2017ರ ಸೀಜನ್ನಲ್ಲಿ ಫಿಲಡೆಲ್ಫಿಯಾ ಬದಲಿ ಕ್ವಾರ್ಟರ್‌ಬ್ಯಾಕ್ ಫೋಲ್ಸ್‌ನನ್ನ ಇಟ್ಕೊಂಡೇ ಫೈನಲ್ ಗೆದ್ದಿತು, ಅದೂ ಬ್ರೇಡಿ ಎದುರು.

ಟರ್ನೋವರ್ (ಚೆಂಡು ಎದುರಾಳಿ ಪಾಲಾಗೋದು) ಬಗ್ಗೆ ಎಚ್ಚರ. ಇಂಟರ್ಸೆಪ್ಷನ್ನಿನಲ್ಲಿ (ಎಸೆದ ಚೆಂಡನ್ನ ಎದುರಾಳಿ ಹಿಡಿಯೋದು) ಸ್ವಲ್ಪ ಕೌಶಲ ಇದೆ. ಫಂಬಲ್, ಅಂದರೆ ಕೈಜಾರಿ ನೆಲಕ್ಕೆ ಬಿದ್ದ ಚೆಂಡು, ಯಾರ ಕೈಗೆ ಸಿಗುತ್ತೆ ಅನ್ನೋದು ಹೆಚ್ಚುಕಡಿಮೆ ಅದೃಷ್ಟ. ಬಿದ್ದವುಗಳಲ್ಲಿ ಮುಕ್ಕಾಲು ಪಾಲು ತಾನೇ ಎತ್ತಿಕೊಂಡ ತಂಡವನ್ನ ನಂಬಬೇಡಿ. ಪ್ಲೇಆಫ್‌ಗೆ ಮುಂಚಿನ ಕೊನೆಯ, ಅಂದರೆ 18ನೇ ವಾರದ ಅಂಕಿ ಬಿಟ್ಟುಬಿಡಿ, ಸ್ಥಾನ ಖಾತ್ರಿಯಾದವರು ಮುಖ್ಯ ಆಟಗಾರರನ್ನ ಕೂರಿಸ್ತಾರೆ. ಅದರ ಹಿಂದಿನ ಐದಾರು ವಾರ ಮಾತ್ರ ಬೇರೆಯಾಗಿ ನೋಡಿ. 2023ರ ಫಿಲಡೆಲ್ಫಿಯಾ 10-1 ಇದ್ದದ್ದು ಕೊನೆಯ ಆರರಲ್ಲಿ ಐದು ಸೋತು, ಮೊದಲ ಸುತ್ತಿನಲ್ಲಿ ಟ್ಯಾಂಪಾಗೆ 32-9ರಲ್ಲಿ ಶರಣಾಯ್ತು. ಇಡೀ ಸೀಜನ್ನಿನ ಸರಾಸರಿ ಅದನ್ನ ಮುಚ್ಚಿಬಿಡುತ್ತೆ.

ಮೂರ್ತಿ, ಸ್ಯಾನ್ ಹೋಸೆ:
ಎಲ್ಲರೂ ಸೂತ್ರ ಹೇಳ್ತಾ ಕೂತಿದ್ದೀರಿ. ಹುಡುಗ ಹೈಸ್ಕೂಲ್ ತಂಡ ಸೇರ್ತೀನಿ ಅಂದಿದ್ದು ಯಾರಿಗೂ ಕಾಣಿಸಲಿಲ್ವಾ? ಬಾಸ್ಟನ್ ಯೂನಿವರ್ಸಿಟಿಯವರು 2017ರಲ್ಲಿ 111 ಎನ್‌ಎಫ್‌ಎಲ್ ಆಟಗಾರರ ಮೆದುಳು ಪರೀಕ್ಷೆ ಮಾಡಿದರು, 110ರಲ್ಲಿ ಸಿಟಿಇ (ತಲೆಗೆ ಪದೇಪದೇ ಪೆಟ್ಟು ಬಿದ್ದು ಬರೋ ಮೆದುಳಿನ ಕಾಯಿಲೆ) ಇತ್ತು. ಹೆಲ್ಮೆಟ್ ಬುರುಡೆ ಒಡೆಯದಂತೆ ತಡೆಯುತ್ತೆ, ಒಳಗೆ ಮೆದುಳು ಅಲುಗಾಡೋದನ್ನ ತಡೆಯಲ್ಲ. ನಮ್ಮ ಮಕ್ಕಳನ್ನ ಇದಕ್ಕೆ ಕಳಿಸೋಕೆ ಇಷ್ಟು ದೂರ ಬಂದ್ವಾ? ಟೆನಿಸ್ ಇದೆ, ಕ್ರಾಸ್ ಕಂಟ್ರಿ ಇದೆ, ಕ್ರಿಕೆಟ್ ಲೀಗ್ ಈಗ ಊರೂರಲ್ಲಿದೆ. ಟ್ಯಾಕಲ್ ಫುಟ್‌ಬಾಲ್ (ಎದುರಾಳಿಯನ್ನ ಹಿಡಿದು ಕೆಡವೋ ಈ ಆಟ) ಬೇಡವೇ ಬೇಡ.

ವಿದ್ಯಾ, ಸಿಯಾಟಲ್:
ಮೂರ್ತಿ ಸರ್, ಆತಂಕ ನಿಜ, ಅಂಕಿಯನ್ನ ಪೂರ್ತಿ ಹೇಳಿ. ಆ ಮೆದುಳುಗಳು ದಾನವಾಗಿ ಬಂದವು, ಲಕ್ಷಣ ಕಂಡಿದ್ದ ಕುಟುಂಬಗಳೇ ಹೆಚ್ಚಾಗಿ ಕೊಟ್ಟಿರ್ತಾರೆ. ನೂರಕ್ಕೆ ತೊಂಬತ್ತೊಂಬತ್ತು ಆಟಗಾರರಿಗೆ ಬರುತ್ತೆ ಅಂತ ಅದರಿಂದ ಹೇಳೋಕಾಗಲ್ಲ. ತಲೆಗೆ ಪೆಟ್ಟಾದ ಅನುಮಾನ ಬಂದರೆ ಮಗುವನ್ನ ಆಟದಿಂದ ತೆಗೆದು ವೈದ್ಯರ ಒಪ್ಪಿಗೆ ಸಿಗೋವರೆಗೆ ಬಿಡಬಾರದು ಅಂತ ನಮ್ಮ ವಾಷಿಂಗ್ಟನ್ ರಾಜ್ಯ 2009ರಲ್ಲಿ ಕಾನೂನು ಮಾಡಿತು. ಈಗ ಎಲ್ಲ ರಾಜ್ಯಗಳಲ್ಲೂ ಇದೆ. ಫ್ಲ್ಯಾಗ್ ಫುಟ್‌ಬಾಲ್ ಕೇಳಿ ನೋಡಿ, ಸೊಂಟದ ಪಟ್ಟಿ ಎಳೆದರೆ ಆಟ ನಿಲ್ಲುತ್ತೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಕ್ರಿಕೆಟ್ ಜೊತೆ ಅದೂ ಇದೆ.

ಮೂರ್ತಿ, ಸ್ಯಾನ್ ಹೋಸೆ:
ಕಾನೂನು ಪೆಟ್ಟು ಬಿದ್ದ ಮೇಲಿನ ಮಾತು. ನಾನು ಬೀಳೋ ಮುಂಚಿನ ಮಾತು ಆಡ್ತಿದ್ದೀನಿ.

ಗೀತಕ್ಕ, ಶಿಕಾಗೊ:
ಮೂರ್ತಿಯವರು ಹೇಳೋದು ಸರಿ. ಜೊತೆಗೆ ಒಂದು ಮಾತು, ವೈಲ್ಡ್ ಕಾರ್ಡ್ ಪಂದ್ಯ ಬರೋದೇ ಸಂಕ್ರಾಂತಿ ಆಸುಪಾಸು. ಎಳ್ಳು ಬೀರೋ ಕಾರ್ಯಕ್ರಮ ಇಟ್ಟರೆ ಗಂಡಸರೆಲ್ಲ ಫೋನು ನೋಡ್ತಾ ಮೂಲೆಯಲ್ಲಿ! ಶನಿವಾರದ ಕನ್ನಡ ತರಗತಿ ಮಾತ್ರ ತಪ್ಪಿಸಬೇಡಿ ಸುಮಾ.

ಬಸಣ್ಣ, ಡಲ್ಲಾಸ್:
ಕಾರ್ಯಕ್ರಮ ಬೆಳಿಗ್ಗೆ ಇಡ್ರಿ ಅಕ್ಕಾ. ಶನಿವಾರದ ಮೊದಲನೇ ಪಂದ್ಯ ಶುರು ಆಗೂದ ಮಧ್ಯಾಹ್ನದ ಮ್ಯಾಲೆ.

ಮೂರ್ತಿ, ಸ್ಯಾನ್ ಹೋಸೆ:
ನೋಡಿ, ಹಬ್ಬದ ಸಮಯವನ್ನೂ ಆ ಆಟವೇ ತೀರ್ಮಾನ ಮಾಡ್ತಿದೆ. ಟ್ಯಾಕಲ್‌ಗೆ ಕಳಿಸೋ ಯಾರಾದ್ರೂ ಇದ್ರೆ ಇಲ್ಲಿ ಎದೆ ತಟ್ಟಿ ಹೇಳಲಿ.

(ಇದರ ಕೆಳಗೆ ಟ್ಯಾಕಲ್ ಬೇಕೋ ಬೇಡವೋ ಎಂಬ ಉತ್ತರಗಳೇ ಸಾಲುಗಟ್ಟಿವೆ.)

ಸುಮಾ, ನ್ಯೂಜೆರ್ಸಿ:
ಎಲ್ಲರಿಗೂ ಥ್ಯಾಂಕ್ಸ್. ಹೈಸ್ಕೂಲ್ ವಿಷಯ ಇನ್ನೂ ತೀರ್ಮಾನ ಆಗಿಲ್ಲ ಮೂರ್ತಿ ಸರ್. ರಾಘು, ಗಾಯದ ಪಟ್ಟಿ ಯಾವಾಗ ನೋಡಬೇಕು? ಸೋಮವಾರ ಪ್ರಾಜೆಕ್ಟ್ ಒಪ್ಪಿಸಬೇಕು.

ರಾಘು, ಪಿಟ್ಸ್‌ಬರ್ಗ್:
ಭಾನುವಾರದ ಪಂದ್ಯ ಆದರೆ ಬುಧ, ಗುರು, ಶುಕ್ರ ಮೂರು ದಿನ ವರದಿ ಬರುತ್ತೆ. ಶನಿವಾರದ ಪಂದ್ಯಕ್ಕೆ ಒಂದು ದಿನ ಹಿಂದಕ್ಕೆ ಲೆಕ್ಕ ಹಾಕಿ. ಅಭ್ಯಾಸ ಪೂರ್ತಿ ಮಾಡಿದನೋ, ಅರ್ಧವೋ, ಇಲ್ಲವೋ ಅಂತ ಇರುತ್ತೆ. ಬುಧವಾರ ಒಂದು ದಿನ ಕೂತ ಹಿರಿಯ ಆಟಗಾರನ ಬಗ್ಗೆ ಗಾಬರಿ ಬೇಡ, ಅದು ವಿಶ್ರಾಂತಿ. ಕೊನೆಯ ದಿನವೂ ಅಭ್ಯಾಸ ಮಾಡಿಲ್ಲ ಅಂದರೆ ಆಡೋದು ಕಷ್ಟ. ಕ್ವೆಶ್ಚನಬಲ್ ಅಂದರೆ ಎರಡೂ ಕಡೆ ಹೋಗಬಹುದು, ಔಟ್ ಅಂದರೆ ಇಲ್ಲ. ಅಂತಿಮ ಪಟ್ಟಿ ಆಟಕ್ಕೆ 90 ನಿಮಿಷ ಮುಂಚೆ. ಕ್ವಾರ್ಟರ್‌ಬ್ಯಾಕ್ ಬಿಟ್ಟರೆ ಮೊದಲು ಹುಡುಕಬೇಕಾದ್ದು ಎಡ ಟ್ಯಾಕಲ್, ಸೆಂಟರ್ (ಲೈನಿನ ಮಧ್ಯದವನು), ಒಳ್ಳೆಯ ಕಾರ್ನರ್ (ಎದುರಾಳಿ ರಿಸೀವರನ್ನ ತಡೆಯೋನು).

ಸ್ಪೆಷಲ್ ಟೀಮ್ಸ್‌ಗೂ (ಚೆಂಡು ಒದೆಯೋ ಸಂದರ್ಭದ ಪಡೆ) ಒಂದು ಸಾಲು ಇಡಲಿ. 2022ರ ಜನವರಿಯಲ್ಲಿ ಒಂದನೇ ಸೀಡ್ ಗ್ರೀನ್ ಬೇ ಸೋತದ್ದು ಅಲ್ಲೇ. ಒಂದು ಫೀಲ್ಡ್ ಗೋಲ್ (ಪಾಯಿಂಟಿಗಾಗಿ ಗೋಲಿಗೆ ಒದೆತ) ತಡೆಸಿಕೊಂಡರು, ಆಮೇಲೆ ಪಂಟ್ (ಚೆಂಡು ಬಿಟ್ಟುಕೊಡೋ ದೂರದ ಒದೆತ) ತಡೆದು ಸ್ಯಾನ್ ಫ್ರಾನ್ಸಿಸ್ಕೊ ಟಚ್‌ಡೌನ್ (ಚೆಂಡನ್ನ ಗೆರೆ ದಾಟಿಸೋದು) ಮಾಡಿತು, 13-10. ಆ ಪಂದ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆಫೆನ್ಸ್ (ದಾಳಿ ಪಡೆ) ಒಂದು ಟಚ್‌ಡೌನನ್ನೂ ಮಾಡಿರಲಿಲ್ಲ.

ಮೂರ್ತಿ, ಸ್ಯಾನ್ ಹೋಸೆ:
ಗಾಯದ ಪಟ್ಟಿ ವಾರಕ್ಕೆ ಮೂರು ಸಲ ಹೊರಡಿಸಬೇಕಾದ ಆಟ. ನಾನು ಹೇಳಿದ್ದೇನು?