ಪಾತ್ರದ ಇಂಟೆಲಿಜೆನ್ಸ್ 8. ಹಾಗಂತ ಪೆದ್ದನಾಗಿಯೇ ಆಡಬೇಕಾ?

ಪ್ರಶ್ನೆ

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ನಾನು ಹೊಸಬ. ಗೆಳೆಯರೆಲ್ಲ ಸೇರಿ ಐದನೇ ಆವೃತ್ತಿಯ 2014ರ ನಿಯಮದಲ್ಲಿ ಆಟ ಶುರು ಮಾಡುತ್ತಿದ್ದೇವೆ. ನನ್ನದು ಬಾರ್ಬೇರಿಯನ್, ಅಂದರೆ ಒರಟು ಯೋಧನ ಪಾತ್ರ. ಪಾತ್ರದ ಆರು ಗುಣಗಳಿಗೆ ಹಂಚಲು ಕೊಡುವ ಸ್ಟ್ಯಾಂಡರ್ಡ್ ಅರೇಯ 15, 14, 13, 12, 10, 8ರಲ್ಲಿ ಸ್ಟ್ರೆಂತ್‌ಗೆ (ಬಲ) 15 ಹಾಕಿದೆ. ವಿಸ್ಡಮ್‌ಗೆ (ವಿವೇಕ) 12, ಕರಿಸ್ಮಾಗೆ (ಜನರನ್ನು ಸೆಳೆಯುವ ಗುಣ) 10. ಕೊನೆಗೆ ಉಳಿದ 8 ಇಂಟೆಲಿಜೆನ್ಸ್‌ಗೆ ಹೋಯಿತು. ಈಗ ಎಲ್ಲರೂ 'ಹಾಗಾದ್ರೆ ನಿನ್ನ ಪಾತ್ರ ಪೆದ್ದ, ಹಾಗೇ ಮಾತಾಡ್ಬೇಕು' ಅನ್ನುತ್ತಿದ್ದಾರೆ. ತಿಂಗಳುಗಟ್ಟಲೆ ಪೆದ್ದನ ವೇಷ ಹಾಕೋಕೆ ನನಗೆ ಮನಸ್ಸಿಲ್ಲ. ಒಗಟಿಗೆ ಉತ್ತರ ಹೊಳೆದರೂ ಬಾಯಿ ಮುಚ್ಚಿಕೊಂಡಿರಬೇಕಾ? ಆಡಿ ಗೊತ್ತಿರುವವರು ಹೇಳಿ.

ಡಿಎಂ (ಡಂಜನ್ ಮಾಸ್ಟರ್) ಆಗಿ ಆಟ ನಡೆಸುವವರೊಬ್ಬರು

ಬೇಡ, ಪೆದ್ದನಾಗಬೇಕಿಲ್ಲ. ಮೊದಲು ಆ 8 ಅಂದರೆ ಎಷ್ಟು ಅಂತ ನೋಡೋಣ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ತಂದಾಗ ಪ್ರತಿ ಸ್ಕೋರ್‌ಗೂ ಆರು ಮುಖದ ಮೂರು ದಾಳ ಉರುಳಿಸಿ ಕೂಡಿಸುತ್ತಿದ್ದರು. ಮೂರು ದಾಳ ಒಟ್ಟು 216 ರೀತಿಯಲ್ಲಿ ಬೀಳಬಹುದು. ಅದರಲ್ಲಿ 56 ರೀತಿಯಲ್ಲಿ ಮೊತ್ತ 8 ಅಥವಾ ಅದಕ್ಕಿಂತ ಕಡಿಮೆ ಬರುತ್ತದೆ. ಅಂದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ. ನಿಮಗೆ ಗೊತ್ತಿರುವ ನಾಲ್ಕು ಜನರಲ್ಲಿ ಒಬ್ಬರನ್ನು ಪೆದ್ದರು ಅಂತ ಕರೆಯುತ್ತೀರಾ? ಇಲ್ಲ ಅಲ್ವಾ?

ಈಗ ನಿಮ್ಮ ನಿಯಮಕ್ಕೆ ಬನ್ನಿ. 8ಕ್ಕೆ ಸಿಗುವುದು ಮೈನಸ್ 1, ಅದನ್ನು ದಾಳದಲ್ಲಿ ಬಿದ್ದ ಅಂಕಿಗೆ ಸೇರಿಸಬೇಕು. ಜಾಣ ವಿಜಾರ್ಡ್‌ಗೆ (ಮಂತ್ರವಾದಿಗೆ) 16 ಇದ್ದರೆ ಪ್ಲಸ್ 3. ಮಧ್ಯಮ ಕಷ್ಟದ ಕೆಲಸಕ್ಕೆ ಡಿಸಿ, ಅಂದರೆ ಗೆಲ್ಲಲು ಮುಟ್ಟಬೇಕಾದ ಅಂಕಿ, 15 ಇರುತ್ತದೆ. ಅಲ್ಲಿ ನೀವು ಇಪ್ಪತ್ತು ಮುಖದ ದಾಳದಲ್ಲಿ 16 ಅಥವಾ ಅದಕ್ಕಿಂತ ಹೆಚ್ಚು ಬೀಳಿಸಬೇಕು, ವಿಜಾರ್ಡ್‌ಗೆ 12 ಸಾಕು. ನಿಮ್ಮ ಅವಕಾಶ ಶೇ. 25, ಅವನದು ಶೇ. 45. ಅದೇ ವಿಷಯವನ್ನು ಕಲಿತಿದ್ದರೆ ಅವನಿಗೆ ಪ್ರೊಫಿಷಿಯೆನ್ಸಿ ಬೋನಸ್ ಬೇರೆ ಸೇರುತ್ತದೆ, ಅದು ಬೇರೆ ಮಾತು. ಬರೀ ಸ್ಕೋರ್ ನೋಡಿದರೆ ಆ ಜಾಣನೂ ಅರ್ಧಕ್ಕಿಂತ ಜಾಸ್ತಿ ಸಲ ಸೋಲುತ್ತಾನೆ, ನೀವೂ ನಾಲ್ಕರಲ್ಲಿ ಒಂದು ಸಲ ಗೆಲ್ಲುತ್ತೀರಿ.

ಇಂಟೆಲಿಜೆನ್ಸ್ ಯಾವುದಕ್ಕೆ ಬೇಕು ಅಂತಲೂ ನೋಡಿ. ಆರ್ಕಾನಾ (ಮಂತ್ರವಿದ್ಯೆಯ ತಿಳಿವು), ಹಿಸ್ಟರಿ, ಇನ್ವೆಸ್ಟಿಗೇಷನ್, ನೇಚರ್, ರಿಲಿಜನ್. ಎಲ್ಲವೂ ನೆನಪು, ಓದು, ತರ್ಕದ ಕೆಲಸ. ಎದುರಿಗಿರುವವನ ಮನಸ್ಸು ಓದುವ ಇನ್‌ಸೈಟ್, ಸುಳಿವು ಹಿಡಿಯುವ ಪರ್ಸೆಪ್ಷನ್, ಕಾಡಲ್ಲಿ ಬದುಕುವ ಸರ್ವೈವಲ್ ಮೂರೂ ವಿಸ್ಡಮ್‌ಗೆ ಸೇರಿದ್ದು. ಅಲ್ಲಿ ನಿಮಗೆ 12 ಇದೆ, ಪ್ಲಸ್ 1. ಹಾಗಾಗಿ ನಿಮ್ಮ ಬಾರ್ಬೇರಿಯನ್‌ಗೆ ರಾಜವಂಶಗಳ ಹೆಸರು ನೆನಪಿರಲ್ಲ. ಆದರೆ ರಾಯಭಾರಿ ಸುಳ್ಳು ಹೇಳುತ್ತಿದ್ದಾನೆ ಅನ್ನುವುದು ಅವನಿಗೆ ವಿಜಾರ್ಡ್‌ಗಿಂತ ಮೊದಲೇ ತಿಳಿಯಬಹುದು. ಇದು ಪೆದ್ದತನವೇ ಅಲ್ಲ.

ನಮ್ಮ ಗುಂಪಿನ ಒಬ್ಬ ಫೈಟರ್‌ಗೂ ಇಂಟೆಲಿಜೆನ್ಸ್ 8. ಅವನನ್ನು ಆಡಿಸುವಾತ ಒಂದೇ ಅಭ್ಯಾಸ ಇಟ್ಟುಕೊಂಡ. ಗೊತ್ತಿಲ್ಲದ್ದು ಎದುರಾದರೆ ನಾಚಿಕೆ ಇಲ್ಲದೆ ಕೇಳುವುದು. ಮಠದ ಗುರುಗಳನ್ನು, ಸುಂಕದವರನ್ನು, ಸೆರೆ ಸಿಕ್ಕ ಗಾಬ್ಲಿನ್‌ಗಳನ್ನೂ ಬಿಡದೆ ಕೇಳುತ್ತಿದ್ದ. ನಮ್ಮ ಪಾತ್ರಗಳ ತಂಡಕ್ಕೆ ಬೇಕಾದ ಅರ್ಧ ಸುದ್ದಿ ಅವನಿಂದಲೇ ಬರುತ್ತಿತ್ತು. ಇದೇ 8ನ್ನು ಇನ್ನೊಬ್ಬರು ಗೊತ್ತಿಲ್ಲ ಅಂತ ಒಪ್ಪಿಕೊಳ್ಳದ ಒಣ ಜಂಬದವನಾಗಿ ಆಡಬಹುದು. ಅಂಕಿ ಒಂದೇ, ಮನುಷ್ಯರು ಬೇರೆ ಬೇರೆ. ಎಷ್ಟು ಸಲ ಗೆಲ್ಲುತ್ತಾನೆ ಅಂತ ಸ್ಕೋರ್ ಹೇಳುತ್ತದೆ. ಸೋತಾಗ ಏನು ಮಾಡುತ್ತಾನೆ ಅಂತ ನೀವು ಹೇಳಬೇಕು.

ಧಾರವಾಡ ಕಡೆಯ ಆಟಗಾರ್ತಿ

ಮೇಲಿನವರ ಮಾತು ಪೂರ್ತಿ ಒಪ್ಪುತ್ತೇನೆ. ಜೊತೆಗೆ ಒಂದು ವಿನಂತಿ. ನಾವು ಬೆಂಗಳೂರಲ್ಲಿ ಕನ್ನಡದಲ್ಲೇ ಆಡುತ್ತೇವೆ. ಇಂಟೆಲಿಜೆನ್ಸ್ ಕಡಿಮೆ ಅಂದ ಕೂಡಲೇ ಕೆಲವರು ಪಾತ್ರದ ಬಾಯಿಗೆ ಹಳ್ಳಿ ಮಾತು ಹಾಕಿಬಿಡುತ್ತಾರೆ. ವಿಜಾರ್ಡ್ ಪುಸ್ತಕದ ಭಾಷೆ ಆಡುತ್ತಾನೆ, ಬಾರ್ಬೇರಿಯನ್ 'ಏನ್ರೀ, ಹೆಂಗ್ರೀ' ಅನ್ನುತ್ತಾನೆ. ಅದು ನಮ್ಮ ಮನೆಯ ಮಾತು. ನಮ್ಮ ಅಪ್ಪ ಲೆಕ್ಕ ಹೇಳಿಕೊಟ್ಟಿದ್ದು ಅದೇ ಮಾತಿನಲ್ಲಿ. ಎಲ್ಲರೂ ನಗುವಾಗ ಸುಮ್ನೆ ಕೂರುವುದು ನನಗೆ ಕಷ್ಟವಾಗುತ್ತಿತ್ತು. ಒಂದು ದಿನ ಹೇಳಿಯೇಬಿಟ್ಟೆ. ಡಿಎಂ ತಕ್ಷಣ ಒಪ್ಪಿಕೊಂಡು, ನಮ್ಮ ಕಥೆಯ ರಾಜಧಾನಿಯ ಪಂಡಿತೆಗೆ ನನ್ನ ಕಡೆಯ ಮಾತು ಕೊಟ್ಟರು. ಆ ಪಂಡಿತೆ ಈಗ ಎಲ್ಲರಿಗೂ ಇಷ್ಟ. ದಯವಿಟ್ಟು ಭಾಷೆಯನ್ನು ಸ್ಕೋರ್‌ಗೆ ಕಟ್ಟಬೇಡಿ.

ವಿಜಾರ್ಡ್ ಆಡುವವರು

ಒಗಟಿನ ಪ್ರಶ್ನೆಗೆ ನಮ್ಮ ದಾರಿ ಇದು. ಉತ್ತರ ಯಾರಿಗೆ ಹೊಳೆದರೂ ಮೇಜಿನ ಮೇಲೆ ಹೇಳುತ್ತೇವೆ. ಕಥೆಯೊಳಗೆ ಅದನ್ನು ಯಾವ ಪಾತ್ರ ಕಂಡುಹಿಡಿಯಿತು ಅಂತ ಆಮೇಲೆ ತೀರ್ಮಾನ. ಬಾರ್ಬೇರಿಯನ್ ಆಡುವವನಿಗೆ ಹೊಳೆದದ್ದನ್ನು ಎಷ್ಟೋ ಸಲ ನನ್ನ ವಿಜಾರ್ಡ್ ಹೇಳಿದ್ದಾನೆ. ಆಡುವ ಮಜಾ ಅವನಿಗೆ ಸಿಕ್ಕಿತು, ಪಾತ್ರಗಳೂ ತಮ್ಮ ಹಾಗೇ ಉಳಿದವು.

ಮತ್ತೆ ಡಿಎಂ

ಇದನ್ನು ನಾನು ಅಷ್ಟಾಗಿ ಒಪ್ಪಲ್ಲ. ಬಾರ್ಬೇರಿಯನ್ ಅಪರೂಪಕ್ಕೆ ಒಗಟು ಬಿಡಿಸಿದರೆ ಅದೂ ಒಳ್ಳೆಯ ಘಟನೆಯೇ. ಶೇ. 25 ಅಂತ ಹೇಳಿದೆನಲ್ಲ. ಆದರೆ ಡಿಎಂ ಯಾವ ರೀತಿ ನಡೆಸುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಕೆಲವರು ಒಗಟನ್ನು ಆಟಗಾರರಿಗೇ ಅಂತ ಇಡುತ್ತಾರೆ, ಕೆಲವರು ದಾಳ ಉರುಳಿಸಿ ಅನ್ನುತ್ತಾರೆ.

ಮಾತು ಕಡಿಮೆ ಇರುವ ಒಬ್ಬರು

ನನ್ನದು ಉಲ್ಟಾ ಕಷ್ಟ. ನನಗೆ ಸಂಕೋಚ ಜಾಸ್ತಿ, ಪಾತ್ರದ ಕರಿಸ್ಮಾ 17. ಕಾವಲುಗಾರನನ್ನು ಒಲಿಸುವ ಮಾತು ನನ್ನ ಬಾಯಲ್ಲಿ ಬರಲ್ಲ. ನಮ್ಮ ಡಿಎಂ ಹೇಳಿದ್ದು ಇಷ್ಟೇ: ಏನು ಬೇಕು, ಯಾವ ದಾರಿಯಲ್ಲಿ ಕೇಳ್ತೀಯ, ಅಷ್ಟು ಹೇಳು. ಉಳಿದದ್ದು ದಾಳ ನೋಡಿಕೊಳ್ಳುತ್ತದೆ. 'ಅವನ ಮಗಳ ಮದುವೆ ವಿಷಯ ತೆಗೆದು, ಸ್ನೇಹದಿಂದ ಒಳಗೆ ಬಿಡಿಸಿಕೊಳ್ತೀನಿ' ಅಂದರೆ ಸಾಕು, ಪರ್ಸುಯೇಷನ್ ರೋಲ್. ಎರಡು ಕೈಯಲ್ಲಿ ಕೊಡಲಿ ಎತ್ತಿ ತೋರಿಸು ಅಂತ ನಿಮಗೆ ಯಾರೂ ಹೇಳಲ್ಲವಲ್ಲ, ಹಾಗೆಯೇ ಇದೂ.

ಇನ್ನೊಂದು. ಕರಿಸ್ಮಾ ಜಾಸ್ತಿ ಅಂದರೆ ಧೈರ್ಯ ಜಾಸ್ತಿ ಅಂತಲ್ಲ. 'ಉತ್ತರನ ಪೌರುಷ ಒಲೆಯ ಮುಂದೆ' ಅನ್ನುತ್ತೇವಲ್ಲ, ಆ ಉತ್ತರಕುಮಾರನಿಗೆ ಅಂತಃಪುರದಲ್ಲಿ ಮಾತಿಗೇನೂ ಕಮ್ಮಿ ಇರಲಿಲ್ಲ. ಕೌರವ ಸೇನೆ ಕಂಡಾಗ ರಥದಿಂದ ಇಳಿದು ಓಡಿದ. ಆ ಓಟ ಆರು ಸ್ಕೋರ್‌ಗಳಲ್ಲಿ ಯಾವುದರಲ್ಲೂ ಬರೆದಿರಲ್ಲ.

ಬೇರೆ ಆಟಗಳನ್ನೂ ಆಡುವವರು

ಹೌದು, ಅದನ್ನು ಬರೆದಿಡುವ ಆಟವೂ ಇದೆ! ಗ್ರೆಗ್ ಸ್ಟ್ಯಾಫರ್ಡ್ 1985ರಲ್ಲಿ ತಂದ ಪೆಂಡ್ರಾಗನ್ ನನಗೆ ಬಹಳ ಇಷ್ಟ. ಆರ್ಥರ್ ರಾಜನ ಕಾಲದ ನೈಟ್‌ಗಳ ಆಟ. ಅದರಲ್ಲಿ ಸ್ವಭಾವಕ್ಕೇ ಅಂಕಿ. ಹದಿಮೂರು ಜೋಡಿಗಳು: ಶೌರ್ಯ ಮತ್ತು ಹೇಡಿತನ, ಕರುಣೆ ಮತ್ತು ಕ್ರೌರ್ಯ, ಹೀಗೆ. ಜೋಡಿಯ ಎರಡೂ ಸೇರಿ 20. ಕರುಣೆ 14 ಆದರೆ ಕ್ರೌರ್ಯ 6. ಇಕ್ಕಟ್ಟಿನಲ್ಲಿ ದಾಳ ಉರುಳಿಸಿದರೆ ನಿಮ್ಮ ನೈಟ್ ನಿಮ್ಮ ಇಷ್ಟಕ್ಕೆ ವಿರುದ್ಧವಾಗಿಯೂ ನಡೆಯಬಹುದು.

ಕಾಲ್ ಆಫ್ ಕ್ಥುಲು (1981) ಇನ್ನೊಂದು ಕೆಲಸ ಮಾಡಿದೆ. ಅಲ್ಲಿ ಬುದ್ಧಿಗೆ ಒಂದು ಸ್ಕೋರ್, ಓದಿಗೆ ಇನ್ನೊಂದು. ಚುರುಕು ಬುದ್ಧಿಯ, ಶಾಲೆಗೆ ಹೋಗದ ಕಳ್ಳನನ್ನು ಅಲ್ಲಿ ಸಲೀಸಾಗಿ ಮಾಡಬಹುದು. ನಿಮ್ಮ 8ನ್ನೂ 'ಓದಿಲ್ಲ' ಅಂತ ತೆಗೆದುಕೊಳ್ಳಿ, ಅರ್ಧ ತೊಂದರೆ ಹೋಗುತ್ತದೆ.

ನಿಮ್ಮ 2014ರ ಪುಸ್ತಕದಲ್ಲೂ ಸ್ವಭಾವಕ್ಕೆ ಬೇರೆಯೇ ಜಾಗ ಇದೆ. ಪರ್ಸನಾಲಿಟಿ ಟ್ರೇಟ್ (ನಡತೆಯ ಗುಣ) ಎರಡು, ಐಡಿಯಲ್ (ಆದರ್ಶ), ಬಾಂಡ್ (ನಂಟು), ಫ್ಲಾ (ದೌರ್ಬಲ್ಯ) ಒಂದೊಂದು. ಬಹಳ ಜನ ಸ್ಕೋರ್ ತುಂಬಿ ಈ ಜಾಗ ಖಾಲಿ ಬಿಡುತ್ತಾರೆ. ಆಮೇಲೆ ಪಾತ್ರ ಹೇಗೆ ಅಂತ ಸ್ಕೋರ್‌ನಲ್ಲಿ ಹುಡುಕುತ್ತಾರೆ. ಫ್ಲಾ ಬರೆಯುವಾಗ 'ಪೆದ್ದ' ಅಂತ ಮಾತ್ರ ಬರೆಯಬೇಡಿ, ಅದರಿಂದ ಕಥೆ ಮುಂದೆ ಹೋಗಲ್ಲ. 'ಅಕ್ಷರ ಬರಲ್ಲ ಅಂತ ತೋರಿಸಿಕೊಳ್ಳದೆ ಯಾವ ಕಾಗದಕ್ಕಾದರೂ ಹೆಬ್ಬೆಟ್ಟು ಒತ್ತುತ್ತಾನೆ' ಅಂತ ಬರೆಯಿರಿ. ಡಿಎಂ ಮೊದಲ ಊರಲ್ಲೇ ಒಂದು ಕರಾರು ಪತ್ರ ತಂದಿಡುತ್ತಾರೆ. ನೀವು ಒತ್ತಿದರೆ ಇನ್ಸ್‌ಪಿರೇಷನ್ ಅನ್ನುವ ಬಹುಮಾನ ಕೊಡಬಹುದು. ಮುಂದೆ ಬೇಕಾದಾಗ ಅದನ್ನು ಖರ್ಚು ಮಾಡಿ ಎರಡು ದಾಳ ಉರುಳಿಸಿ, ದೊಡ್ಡದನ್ನು ಇಟ್ಟುಕೊಳ್ಳಿ.