ಸಂಕಿರಣದ ವಿಡಿಯೊ ಎಡಿಟಿಂಗ್ ಕಂಪ್ಯೂಟರ್‌ಗೇ ಬಿಡಬಹುದಾ?

ಪ್ರಶ್ನೆ: ಸರ್, ನಮ್ಮ ಕಾಲೇಜಿನಲ್ಲಿ ಎರಡು ದಿನದ ವಿಚಾರ ಸಂಕಿರಣ. ಎರಡು ಹಾಲ್, ನಲವತ್ತು ಭಾಷಣ. ಕ್ಯಾಮೆರಾ ಬೆಳಗ್ಗೆ ಆನ್ ಮಾಡಿದರೆ ಸಂಜೆಯೇ ಆಫ್. ಒಂದೊಂದನ್ನೂ ಕೈಯಲ್ಲೇ ಕತ್ತರಿಸಿ ಟೈಟಲ್ ಹಾಕಿ ಸಾಕಾಗಿದೆ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಬ್ರಸೆಲ್ಸ್‌ನಲ್ಲಿ ವರ್ಷಕ್ಕೊಮ್ಮೆ ಫಾಸ್ಡೆಮ್ ಅಂತ ಮುಕ್ತ ತಂತ್ರಾಂಶದವರ ಸಮ್ಮೇಳನ ನಡೆಯುತ್ತದೆ. ಎರಡೇ ದಿನದಲ್ಲಿ ನೂರಾರು ಭಾಷಣ. ಅಲ್ಲಿ ಎಸ್‌ರಿವ್ಯೂ ಅನ್ನೋ ಸಾಫ್ಟ್‌ವೇರ್ ವೇಳಾಪಟ್ಟಿ ನೋಡಿಕೊಂಡು ರೆಕಾರ್ಡಿಂಗನ್ನು ಅಂದಾಜಿಗೆ ಕತ್ತರಿಸುತ್ತದೆ. ಆಮೇಲೆ ಭಾಷಣ ಮಾಡಿದವರಿಗೇ ಲಿಂಕ್ ಹೋಗುತ್ತದೆ, ಇಲ್ಲಿಂದ ಶುರು, ಇಲ್ಲಿಗೆ ಮುಗೀತು ಅಂತ ಅವರೇ ಸರಿಮಾಡಿ ಒಪ್ಪಿದರೆ ಟೈಟಲ್ ಸೇರಿಸಿ, ಧ್ವನಿ ಮಟ್ಟ ಸರಿಮಾಡಿದ ಫೈಲ್ ತಾನೇ ತಯಾರಾಗುತ್ತದೆ. ಬೇಸರದ ಕೆಲಸವನ್ನು ಭಾಷಣಕಾರರ ತಲೆಗೇ ಕಟ್ಟಿದ್ದಾರಲ್ಲ, ಅದು ನನಗೆ ಭಾರಿ ಇಷ್ಟ!

ನಿಮಗೆ ಅಷ್ಟು ದೊಡ್ಡದು ಬೇಡ. ಒಂದು ಶೀಟ್ ಮಾಡಿ: ಫೈಲ್, ಶುರು, ಕೊನೆ, ಹೆಸರು, ವಿಷಯ. ಅದನ್ನು ಸಾಲು ಸಾಲಾಗಿ ಓದಿ, ವಿಡಿಯೊ ಕತ್ತರಿಸಿ ಜೋಡಿಸುವ ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ಸಾಫ್ಟ್‌ವೇರ್ ಓಡಿಸೋಕೆ ಸಣ್ಣ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಮ್) ಸಾಕು. ಧ್ವನಿ ಮಟ್ಟ ಸರಿಮಾಡೋಕೆ ಎಫ್‌ಎಫ್‌ಎಂಪೆಗ್‌ನಲ್ಲೇ ಲೌಡ್‌ನಾರ್ಮ್ ಫಿಲ್ಟರ್ ಇದೆ. ಸಮಯ ಬರೆದುಕೊಳ್ಳೋಕೆ ಹಾಲ್‌ಗೊಬ್ಬ ವಿದ್ಯಾರ್ಥಿಯನ್ನು ಕೂರಿಸಿ, ಬೆಳಗ್ಗೆಯೇ ಕ್ಯಾಮೆರಾ ಗಡಿಯಾರವನ್ನು ಫೋನ್‌ಗೆ ಹೊಂದಿಸಿ. ಮೌನ ಎಲ್ಲೆಲ್ಲಿದೆ ಅಂತ ಹುಡುಕಿಕೊಡೋ ಫಿಲ್ಟರೂ ಇದೆ, ಆದರೆ ಚಪ್ಪಾಳೆ, ಕುರ್ಚಿ ಎಳೆಯೋ ಸದ್ದು ಇರುವ ನಮ್ಮ ಹಾಲ್‌ಗಳಲ್ಲಿ ಅದನ್ನು ನಂಬಬೇಡಿ.

ಪ್ರಶ್ನೆ: ಟೈಟಲ್ ಕನ್ನಡದಲ್ಲೇ ಬೇಕು ಸರ್. ಎಫ್‌ಎಫ್‌ಎಂಪೆಗ್‌ನಲ್ಲೇ ಅಕ್ಷರ ಮೂಡಿಸೋ ಡ್ರಾಟೆಕ್ಸ್ಟ್ ಫಿಲ್ಟರ್‌ನಲ್ಲಿ ಹಾಕಿ ನೋಡಿದೆ, ಒತ್ತಕ್ಷರ ಎಲ್ಲ ಒಡೆದುಹೋಗುತ್ತಿದೆ.

ಉತ್ತರ: ಹಳೆಯ ಆವೃತ್ತಿ ಇರಬೇಕು, ಅದಕ್ಕೆ ಒತ್ತಕ್ಷರ ಜೋಡಿಸೋಕೆ ಬರಲ್ಲ. ಸುಮ್ನೆ ಅದರ ಜೊತೆ ಗುದ್ದಾಡಬೇಡಿ. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಒಂದು ಟೈಟಲ್ ಮಾಡಿ ಎಸ್‌ವಿಜಿ ಆಗಿ ಉಳಿಸಿ. ಅದು ಬರೀ ಪಠ್ಯದ ಫೈಲ್. ಸ್ಕ್ರಿಪ್ಟ್ ಅದರೊಳಗೆ ಹೆಸರು ಬದಲಿಸಿ, ಇಂಕ್‌ಸ್ಕೇಪ್‌ನಿಂದಲೇ ಚಿತ್ರ ತೆಗೆಸಲಿ.

ಪ್ರಶ್ನೆ: ವಿಡಿಯೊವನ್ನು ಮತ್ತೆ ಎನ್‌ಕೋಡ್ ಮಾಡದೆ, ಅಂದರೆ ಹೊಸದಾಗಿ ಕುಗ್ಗಿಸಿ ಬರೆಯದೆ, ಇದ್ದ ಹಾಗೇ ಕಾಪಿ ಮಾಡಿದರೆ ಬೇಗ ಮುಗಿಯುತ್ತೆ ಅಲ್ವಾ?

ಉತ್ತರ: ಮುಗಿಯುತ್ತೆ, ಆದರೆ ಕೀಫ್ರೇಮ್ (ಪೂರ್ತಿ ಚಿತ್ರವಾಗಿ ಉಳಿಸಿದ ಫ್ರೇಮ್) ಇರುವ ಕಡೆ ಮಾತ್ರ ಸರಿಯಾಗಿ ಕತ್ತರಿಸುತ್ತದೆ, ನೀವು ಹೇಳಿದ್ದಕ್ಕಿಂತ ಕೆಲವು ಸೆಕೆಂಡ್ ಹಿಂದೆಯೇ ಶುರುವಾಗಬಹುದು. ಟೈಟಲ್ ಅಂಟಿಸುವಾಗ ಸೈಜ್, ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) ಹೊಂದದೆ ಇನ್ನೊಂದು ತಲೆನೋವು. ಪೂರ್ತಿ ಎನ್‌ಕೋಡ್ ಮಾಡಿಸಿ, ರಾತ್ರಿಯಿಡೀ ಓಡಲಿ. ಹಾಂ, ಮೆಮೊರಿ ಕಾರ್ಡ್ ಫ್ಯಾಟ್32 ಅನ್ನೋ ಫಾರ್ಮ್ಯಾಟ್‌ನಲ್ಲಿದ್ದರೆ ಕ್ಯಾಮೆರಾ 4 ಜಿಬಿಗೊಂದು ಫೈಲ್ ಮಾಡುತ್ತದೆ. ಕತ್ತರಿಸುವ ಮೊದಲು ಅವನ್ನು ಜೋಡಿಸಿಕೊಳ್ಳಿ.